ತಣ್ಣನೆಯ ಎಂಜಿನ್, ಬೆಚ್ಚನೆಯ ಕ್ಯಾಬಿನ್: ಹೀಟರ್ ಗುಂಡಿಗಳ ಹಿಂದಿನ ಶಾಖದ ಲೆಕ್ಕ

ಪೆಟ್ರೋಲ್ ಅಥವಾ ಡೀಸೆಲ್ ಕಾರಿನೊಳಗೆ ಬರುವ ಬಿಸಿಗಾಳಿಗೆಂದು ಬೇರೆ ಇಂಧನ ಉರಿಯುವುದಿಲ್ಲ. ಎಂಜಿನ್ ತನ್ನ ಕೆಲಸಕ್ಕಾಗಿ ಉರಿಸಿದ ಇಂಧನದ ಶಾಖದಲ್ಲೇ ಒಂದು ಪಾಲನ್ನು ಕ್ಯಾಬಿನ್ ಕಡೆಗೆ ತಿರುಗಿಸಲಾಗುತ್ತದೆ. ಎಂಜಿನ್ ಪೂರ್ತಿ ಬಿಸಿಯೇರಿದ ಮೇಲೆ ಈ ಪಾಲು ಅಕ್ಷರಶಃ ಪುಕ್ಕಟೆ; ಹೇಗಿದ್ದರೂ ರೇಡಿಯೇಟರ್ ಮೂಲಕ ಗಾಳಿಪಾಲಾಗುತ್ತಿದ್ದ ಶಾಖವದು. ಆದರೆ ಕೊರೆಯುವ ಚಳಿಯ ಬೆಳಗಿನಲ್ಲಿ, ಎಂಜಿನ್ ಇನ್ನೂ ತಣ್ಣಗಿರುವಾಗ, ಆ ಶಾಖ ಎಂಜಿನ್ನಿಗೂ ಬೇಕು, ಒಳಗೆ ಕುಳಿತವರಿಗೂ ಬೇಕು. ಹೀಟರ್ ಹಾಕಿದರೆ ಎಂಜಿನ್ ಬಿಸಿಯಾಗುವುದು ತಡವಾಗುತ್ತದೆ ಎನ್ನುವವರಿದ್ದಾರೆ, ಏನೂ ವ್ಯತ್ಯಾಸವಾಗದು ಎನ್ನುವವರಿದ್ದಾರೆ, ಹೀಟರ್ ಹಾಕುವುದೇ ಒಳ್ಳೆಯದು ಎನ್ನುವವರೂ ಇದ್ದಾರೆ. ಈ ಮೂರು ಮಾತುಗಳೂ ಬೇರೆ ಬೇರೆ ಸಂದರ್ಭಗಳಲ್ಲಿ ನಿಜವಾಗುತ್ತವೆ. ಯಾವುದು ಯಾವಾಗ ಎಂದು ತಿಳಿಯಲು ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲಂಟ್, ಹರಿಯುವ ದಾರಿಯನ್ನು ನೋಡಬೇಕು.

ಸಿಲಿಂಡರುಗಳ ಸುತ್ತಲೂ ಅವುಗಳ ಮೇಲಿನ ಹೆಡ್ಡಿನ ಒಳಗೂ ಇರುವ ಕಾಲುವೆಗಳಲ್ಲಿ ಪಂಪು ಕೂಲಂಟನ್ನು ಸುತ್ತಿಸುತ್ತದೆ. ಅದು ಮುಂಭಾಗದ ದೊಡ್ಡ ರೇಡಿಯೇಟರಿಗೆ ಹೋಗಬೇಕೆಂದರೆ ಥರ್ಮೋಸ್ಟಾಟ್ ದಾರಿ ಬಿಡಬೇಕು. ಥರ್ಮೋಸ್ಟಾಟಿನೊಳಗೆ ಒಂದು ಬಗೆಯ ಮೇಣವಿರುತ್ತದೆ. ಅದು ಕರಗಿ ಹಿಗ್ಗಿದಾಗ ಕವಾಟ ತೆರೆದುಕೊಳ್ಳುತ್ತದೆ. ಹೆಚ್ಚಿನ ಕಾರುಗಳಲ್ಲಿ ಇದು 82ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಆಗುವ ಕೆಲಸ. ಅಲ್ಲಿಯವರೆಗೆ ಕೂಲಂಟ್ ಬೈಪಾಸ್ ದಾರಿಯಲ್ಲಿ ಎಂಜಿನ್ನಿನೊಳಗೇ ತಿರುಗುತ್ತಿರುತ್ತದೆ, ದೊಡ್ಡ ರೇಡಿಯೇಟರಿಗೆ ಕೆಲಸವಿಲ್ಲ.

ಹೀಟರಿನ ದಾರಿ ಮಾತ್ರ ಥರ್ಮೋಸ್ಟಾಟಿನ ಹಿಡಿತದಲ್ಲಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ದಪ್ಪ ಪುಸ್ತಕದಷ್ಟು ಗಾತ್ರದ ಪುಟ್ಟ ರೇಡಿಯೇಟರೊಂದು ಅಡಗಿರುತ್ತದೆ. ಹೀಟರ್ ಕೋರ್ ಎನ್ನುವುದು ಇದಕ್ಕೇ. ಎಂಜಿನ್ನಿನಿಂದ ಎರಡು ರಬ್ಬರ್ ಹೋಸುಗಳು ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲ್ ದಾಟಿ ಇದಕ್ಕೆ ಸೇರುತ್ತವೆ. ಒಂದರಲ್ಲಿ ಬಿಸಿ ಕೂಲಂಟ್ ಬರುತ್ತದೆ, ಇನ್ನೊಂದರಲ್ಲಿ ಶಾಖ ಕೊಟ್ಟು ಹಿಂದಿರುಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅದನ್ನು ನಿಲ್ಲಿಸಿ, ಬಾನೆಟ್ ಎತ್ತಿ, ಈ ಎರಡು ಹೋಸುಗಳನ್ನು ಎಚ್ಚರದಿಂದ ಮುಟ್ಟಿ ನೋಡುವ ಮೆಕ್ಯಾನಿಕ್‌ಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಎರಡೂ ಬಿಸಿಯಿದ್ದರೆ ಕೂಲಂಟ್ ಹರಿಯುತ್ತಿದೆ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ನಡುವಿನ ವಾಲ್ವ್ ಮುಚ್ಚಿದೆ. ಹೀಗೆ, ಥರ್ಮೋಸ್ಟಾಟ್ ಮುಚ್ಚಿರುವ ಆ ಮೊದಲ ನಿಮಿಷಗಳಲ್ಲಿ ಎಂಜಿನ್ನಿಗೆ ಇರುವ ಏಕೈಕ ರೇಡಿಯೇಟರ್ ಎಂದರೆ ಹೀಟರ್ ಕೋರ್. ಘಟ್ಟದ ರಸ್ತೆಗಳಲ್ಲಿ ಗಾಡಿ ಓಡಿಸುವವರಿಗೆ ಇದರ ಇನ್ನೊಂದು ಮುಖ ಗೊತ್ತಿದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವಾಗ ಟೆಂಪರೇಚರ್ ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಸೆಕೆಯಾದರೂ ಸರಿಯೆಂದು ಹೀಟರನ್ನು ಪೂರ್ತಿ ತಿರುಗಿಸುತ್ತಾರೆ. ಕಾದ ಎಂಜಿನ್ನನ್ನು ತಣಿಸಬಲ್ಲ ಈ ಸಾಧನ, ತಣ್ಣನೆಯ ಎಂಜಿನ್ ಬಿಸಿಯಾಗುವುದನ್ನು ತಡೆಯಲೂಬಲ್ಲದು.

ಇಲ್ಲಿ ಯಾವ ಗುಂಡಿ ಏನು ಮಾಡುತ್ತದೆ ಎಂಬುದು ಮುಖ್ಯ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ. ನೀಲಿಯಿಂದ ಕೆಂಪಿಗೆ ತಿರುಗಿಸುವ ಗುಂಡಿ ಎಂಜಿನ್ನಿನ ಶಾಖವನ್ನು ನೇರವಾಗಿ ಎಳೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಇಂದಿನ ಬಹುಪಾಲು ಕಾರುಗಳಲ್ಲಿ ಕೂಲಂಟ್ ಹೀಟರ್ ಕೋರಿನ ಮೂಲಕ ಸದಾ ಹರಿಯುತ್ತಲೇ ಇರುತ್ತದೆ. ಆ ಗುಂಡಿ ತಿರುಗಿಸುವುದು ಒಂದು ಫ್ಲ್ಯಾಪನ್ನು ಮಾತ್ರ. ಒಳಬರುವ ಗಾಳಿಯಲ್ಲಿ ಎಷ್ಟು ಪಾಲು ಕೋರಿನ ಮೂಲಕ ಹಾಯಬೇಕು, ಎಷ್ಟು ಪಾಲು ಪಕ್ಕದಿಂದ ಸಾಗಬೇಕು ಎಂದು ಅದು ನಿರ್ಧರಿಸುತ್ತದೆ. ಫ್ಯಾನ್, ಅಂದರೆ ಬ್ಲೋವರ್, ಆರಿದ್ದರೆ ಗುಂಡಿ ಪೂರ್ತಿ ಕೆಂಪಿನಲ್ಲಿದ್ದರೂ ಕೋರಿನಿಂದ ಹೊರಬೀಳುವ ಶಾಖ ತೀರಾ ಕಡಿಮೆ. ಗುಂಡಿ ಪೂರ್ತಿ ನೀಲಿಯಲ್ಲಿದ್ದರೆ ಬ್ಲೋವರ್ ಎಷ್ಟೇ ಜೋರಾಗಿ ತಿರುಗಿದರೂ ಎಂಜಿನ್ನಿಗೆ ನಷ್ಟವಿಲ್ಲ. ಶಾಖ ಸೋರುವುದು ಎರಡೂ ಸೇರಿದಾಗ, ಅಂದರೆ ಗುಂಡಿ ಕೆಂಪಿನಲ್ಲಿದ್ದು ಬ್ಲೋವರ್ ತಿರುಗುವಾಗ. ಹಾಗಾಗಿ ಚಳಿಯ ಬೆಳಗಿನಲ್ಲಿ ಎಂಜಿನ್ನಿನ ಮಟ್ಟಿಗೆ ನಿರ್ಣಾಯಕವಾದದ್ದು ಬ್ಲೋವರ್ ವೇಗ.

ಕೆಲವು ಕಾರುಗಳಲ್ಲಿ ಹೀಟರ್ ಹೋಸಿನಲ್ಲೇ ವಾಲ್ವ್ ಇರುತ್ತದೆ. ಗುಂಡಿಯನ್ನು ನೀಲಿಗೆ ತಿರುಗಿಸಿದರೆ ಕೂಲಂಟ್ ಕೋರಿಗೇ ಹೋಗುವುದಿಲ್ಲ. ಇಂಥ ಕಾರಿನಲ್ಲಿ ವಾಲ್ವ್ ಮುಚ್ಚಿದ್ದರೆ ಕೋರಿನಲ್ಲೂ ಹೋಸುಗಳಲ್ಲೂ ಇರುವ ಅರ್ಧ ಲೀಟರಿನಷ್ಟು ಕೂಲಂಟನ್ನು ಮೊದಲು ಕಾಯಿಸುವ ಹೊರೆ ತಪ್ಪುತ್ತದೆ. ಲಾಭ ಚಿಕ್ಕದು, ಆದರೆ ಇಲ್ಲವೆನ್ನುವಂತಿಲ್ಲ. ಇನ್ನು ಕೆಲವು ಎಂಜಿನ್ನುಗಳಲ್ಲಿ ಹೀಟರಿನ ದಾರಿಯೇ ಬೈಪಾಸ್ ದಾರಿಯೂ ಹೌದು. ಅಲ್ಲಿ ಹರಿವು ನಿಂತರೆ ಬಿಸಿ ಕೂಲಂಟ್ ಥರ್ಮೋಸ್ಟಾಟನ್ನು ಸರಿಯಾಗಿ ತಲುಪುವುದಿಲ್ಲ, ಹೆಡ್ಡಿನ ಒಂದೊಂದು ಜಾಗ ಬೇರೆಡೆಗಿಂತ ಹೆಚ್ಚು ಕಾಯುತ್ತದೆ. ಸೋರುವ ಹೀಟರ್ ಕೋರನ್ನು ರಿಪೇರಿ ಮಾಡುವ ಬದಲು ಹೋಸಿನ ಬಾಯಿಗೆ ಬಿರಡೆ ಜಡಿಯುವುದು ಈ ಕಾರಣಕ್ಕೇ ಕೆಟ್ಟ ಕೆಲಸ. ಹೀಟರ್ ಹಾಕುವುದೇ ಒಳ್ಳೆಯದು ಎಂಬ ಮಾತಿನ ಮೂಲವೂ ಬಹುಶಃ ಇಲ್ಲಿದೆ. ಕೂಲಂಟ್ ಬದಲಿಸಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಹೋಗಲೆಂದು ಗ್ಯಾರೇಜಿನವರು ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸುವುದನ್ನು ಕಂಡವರು, ದಿನನಿತ್ಯವೂ ಹಾಗೆಯೇ ಮಾಡಬೇಕೆಂದುಕೊಂಡರೆ ಆಶ್ಚರ್ಯವಿಲ್ಲ.

ಶಾಖದ ಪ್ರಮಾಣವನ್ನು ಅಂಕಿಯಲ್ಲಿ ಹಿಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಸಣ್ಣ ಕಾರೊಂದರ ಎಂಜಿನ್ನಿನ ಲೋಹ, ಐದು ಲೀಟರ್ ಕೂಲಂಟ್, ಎಣ್ಣೆ ಎಲ್ಲ ಸೇರಿ ಒಂದು ಡಿಗ್ರಿ ಬಿಸಿಯೇರಲು ಅಂದಾಜು 80 ಕಿಲೋಜೂಲ್ ಶಾಖ ಬೇಕು. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಿಂದ 80 ಡಿಗ್ರಿಗೆ ಏರಲು ಸುಮಾರು 7,000 ಕಿಲೋಜೂಲ್. ನಿಂತಲ್ಲೇ ಐಡ್ಲಿಂಗ್‌ನಲ್ಲಿ ಓಡುವ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಮುಕ್ಕಾಲು ಲೀಟರಿನಷ್ಟು ಉರಿಸುತ್ತದೆ. ಅದರಿಂದ ಲೋಹಕ್ಕೂ ಕೂಲಂಟಿಗೂ ಸೇರುವ ಶಾಖ ಎರಡೂವರೆ ಕಿಲೋವ್ಯಾಟ್ ಆಸುಪಾಸು, ಉಳಿದದ್ದು ಸೈಲೆನ್ಸರ್ ದಾರಿ ಹಿಡಿಯುತ್ತದೆ. ಈ ವೇಗದಲ್ಲಿ, ಹೀಟರ್ ಹಾಕದಿದ್ದರೂ, ಎಂಜಿನ್ ಬಿಸಿಯಾಗಲು ಮುಕ್ಕಾಲು ಗಂಟೆ ಹಿಡಿಯಬಹುದು. ಅದೇ ಕಾರು ಊರೊಳಗೆ ಹದವಾಗಿ ಓಡುವಾಗ ಏಳು ಕಿಲೋವ್ಯಾಟಿನಷ್ಟು ಶಾಖ ಸಿಗುತ್ತದೆ, ಕೆಲಸ ಹದಿನೈದು, ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ.

ಈಗ ಹೀಟರನ್ನು ಲೆಕ್ಕಕ್ಕೆ ಸೇರಿಸಬೇಕು. ಬ್ಲೋವರ್ ಪೂರ್ತಿ ವೇಗದಲ್ಲಿ ಗಂಟೆಗೆ 300 ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಹಿಡಿದರೆ, ಕೂಲಂಟ್ ಹೊರಗಾಳಿಗಿಂತ 50 ಡಿಗ್ರಿ ಬಿಸಿಯಿರುವಾಗ ಹೀಟರ್ ನಾಲ್ಕು ಕಿಲೋವ್ಯಾಟ್ ಹೊರಗೆಳೆಯುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಕೊಡುವುದೇ ಎರಡೂವರೆ. ಅಂದರೆ ಕೂಲಂಟ್ 50 ಡಿಗ್ರಿಯ ಆ ಅಂತರವನ್ನು ತಲುಪುವುದೇ ಇಲ್ಲ. ಅದಕ್ಕೂ ಬಹಳ ಕೆಳಗೆ, 20–30 ಡಿಗ್ರಿ ಉಷ್ಣಾಂಶದಲ್ಲೇ ನಿಂತುಬಿಡುತ್ತದೆ. ಎಷ್ಟು ಹೊತ್ತು ಕಾದರೂ ಮುಳ್ಳು ಮೇಲೇಳದು. ಕೆನಡಾ, ನಾರ್ವೆಗಳ ಚಳಿಯಲ್ಲಿ ಡೀಸೆಲ್ ಕಾರಿನವರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಹೆದ್ದಾರಿಯಲ್ಲಿ ಬಿಸಿಯಾಗಿದ್ದ ಎಂಜಿನ್ ಕೂಡ ಟ್ರಾಫಿಕ್ಕಿನಲ್ಲಿ ನಿಂತಾಗ, ಹೀಟರ್ ಜೋರಾಗಿದ್ದರೆ, ನಿಧಾನವಾಗಿ ತಣ್ಣಗಾಗುತ್ತಾ ಬರುತ್ತದೆ. ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಉರಿಸುವ ಇಂಧನ ಪೆಟ್ರೋಲಿಗಿಂತ ಕಡಿಮೆ, ಎಳೆದುಕೊಳ್ಳುವ ಗಾಳಿ ಮಾತ್ರ ಹೆಚ್ಚು. ಹೀಗೆ ದಕ್ಷತೆ ಹೆಚ್ಚಾದಷ್ಟೂ ವ್ಯರ್ಥ ಶಾಖ ಕಡಿಮೆ, ಹೀಟರಿಗೆ ಸಿಗುವುದೂ ಕಡಿಮೆ. ಈ ಕೊರತೆ ತುಂಬಲು ಯುರೋಪಿನ ಡೀಸೆಲ್ ಕಾರುಗಳಲ್ಲಿ ಒಂದು ಕಿಲೋವ್ಯಾಟ್ ಅಥವಾ ಇನ್ನಷ್ಟು ಸಾಮರ್ಥ್ಯದ ವಿದ್ಯುತ್ ಹೀಟರನ್ನು ಕೋರಿನ ಬಳಿಯೇ ಇಡುತ್ತಾರೆ. ಅದಕ್ಕೆ ವಿದ್ಯುತ್ ಕೊಡಲು ಆಲ್ಟರ್ನೇಟರ್ ಹೆಚ್ಚು ದುಡಿಯಬೇಕು, ಆ ಹೊರೆ ಎಂಜಿನ್ನಿನ ಮೇಲೆ ಬೀಳುತ್ತದೆ, ಹೊರೆ ಬಿದ್ದ ಎಂಜಿನ್ ಹೆಚ್ಚು ಇಂಧನ ಉರಿಸಿ ತಾನೂ ಸ್ವಲ್ಪ ಬೇಗ ಬಿಸಿಯಾಗುತ್ತದೆ.

ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೀಟರ್ ಎಳೆಯುವ ಶಾಖ ಕೂಲಂಟಿನ ಬಿಸಿಯನ್ನೇ ಅವಲಂಬಿಸಿದೆ. ಎಂಜಿನ್ ಶುರುವಾದ ಮೊದಲ ಒಂದೆರಡು ನಿಮಿಷ ಕೂಲಂಟ್ ಹೊರಗಾಳಿಯಷ್ಟೇ ತಣ್ಣಗಿರುತ್ತದೆ; ಆಗ ಬ್ಲೋವರ್ ಎಷ್ಟು ಜೋರಾಗಿ ತಿರುಗಿದರೂ ಎಳೆಯಲು ಶಾಖವೇ ಇಲ್ಲ. ಎಂಜಿನ್ನಿಗೆ ಹಾನಿಯಿಲ್ಲ, ಕಾಲಿಗೆ ತಣ್ಣನೆಯ ಗಾಳಿ ಹೊಡೆಯುತ್ತದೆ ಅಷ್ಟೆ. ನಷ್ಟ ಶುರುವಾಗುವುದು ಕೂಲಂಟ್ ಹೊರಗಾಳಿಗಿಂತ ಸಾಕಷ್ಟು ಬಿಸಿಯಾದ ಮೇಲೆ. ಅಲ್ಲಿಂದ ಥರ್ಮೋಸ್ಟಾಟ್ ತೆರೆಯುವವರೆಗಿನ ಅವಧಿಯಲ್ಲಿ ಬ್ಲೋವರನ್ನು ಮೊದಲ ಅಥವಾ ಎರಡನೆಯ ಅಂಕಿಯಲ್ಲಿ ಇಟ್ಟರೆ ಎಳೆತ ಒಂದೆರಡು ಕಿಲೋವ್ಯಾಟಿಗೆ ಇಳಿಯುತ್ತದೆ, ಓಡುತ್ತಿರುವ ಎಂಜಿನ್ ಅದನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಒಳಗಿನ ಗಾಳಿಯನ್ನೇ ಮತ್ತೆ ಸುತ್ತಿಸುವ ರೀಸರ್ಕ್ಯುಲೇಷನ್ ಗುಂಡಿ ಒತ್ತಿದರೂ ಹೊರೆ ತಗ್ಗುತ್ತದೆ, ಏಕೆಂದರೆ ಪ್ರತಿ ಸಲವೂ ಕೊರೆಯುವ ಹೊರಗಾಳಿಯನ್ನು ಹೊಸದಾಗಿ ಕಾಯಿಸಬೇಕಿಲ್ಲ. ಆದರೆ ಉಸಿರಿನ ತೇವ ಒಳಗೇ ಉಳಿದು ಗಾಜುಗಳ ಮೇಲೆ ಮಂಜು ಕಟ್ಟುತ್ತದೆ. ಕೆಲವೇ ನಿಮಿಷದ ಮಟ್ಟಿಗೆ, ಅದೂ ಒಬ್ಬರೇ ಇದ್ದಾಗ ಮಾತ್ರ ಅದು ಸರಿ.

ಎಂಜಿನ್ ಬೇಗ ಬಿಸಿಯಾಗಬೇಕೆಂಬ ಕಾಳಜಿಗೆ ಕಾರಣಗಳಿವೆ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದು, ಅದಕ್ಕಾಗಿ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇ.ಸಿ.ಯು., ಹೆಚ್ಚುವರಿ ಪೆಟ್ರೋಲ್ ಸಿಂಪಡಿಸುತ್ತದೆ. ಅದರಲ್ಲಿ ಒಂದಂಶ ಉರಿಯದೆ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಣ್ಣೆಯೊಂದಿಗೆ ಬೆರೆಯುತ್ತದೆ. ಉರಿಯುವಾಗ ಹುಟ್ಟುವ ನೀರಾವಿಯೂ ತಣ್ಣನೆಯ ಲೋಹದ ಮೇಲೆ ಹನಿಗಟ್ಟುತ್ತದೆ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡಿ ನಿಲ್ಲುವ ಕಾರಿನ ಎಣ್ಣೆ ಬೇಗ ಕೆಡುವುದು ಇದರಿಂದಲೇ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ, 25 ಡಿಗ್ರಿಯಲ್ಲಿ ಸಿಗುವ ಮೈಲೇಜಿಗೆ ಹೋಲಿಸಿದರೆ ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ ಊರೊಳಗಿನ ಓಡಾಟಕ್ಕೆ ಸುಮಾರು ಶೇಕಡಾ 15ರಷ್ಟು ನಷ್ಟ. ಐದಾರು ಕಿಲೋಮೀಟರಿನ ಪುಟ್ಟ ಪ್ರಯಾಣಗಳಲ್ಲಿ ಅದು ಶೇಕಡಾ 24ರವರೆಗೂ ಏರಬಹುದು. ಹೈಬ್ರಿಡ್ ಕಾರುಗಳಲ್ಲಿ ನಷ್ಟ ಶೇಕಡಾ 30ನ್ನು ಮೀರುತ್ತದೆ. ಇದಿಷ್ಟೂ ಹೀಟರಿನ ತಪ್ಪಲ್ಲ. ಗಟ್ಟಿಯಾದ ಎಣ್ಣೆ, ಚಳಿಯಲ್ಲಿ ಕುಗ್ಗಿದ ಟೈರ್ ಒತ್ತಡ, ದಟ್ಟವಾದ ಗಾಳಿ, ಕಾಯಿಸಲೆಂದು ನಿಂತಲ್ಲೇ ಓಡಿಸುವ ಅಭ್ಯಾಸ, ಎಲ್ಲವೂ ಅದರಲ್ಲಿ ಸೇರಿವೆ.

ಹೊಗೆಯ ವಿಷಯಕ್ಕೆ ಬಂದರೆ ಹೀಟರಿನ ಪಾತ್ರ ಇನ್ನೂ ಕಡಿಮೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡಲು 250–300 ಡಿಗ್ರಿ ಬಿಸಿ ಬೇಕು. ಆ ಶಾಖ ಬರುವುದು ಹೊಗೆಯಿಂದ. ಕೂಲಂಟಿಗೂ ಅದಕ್ಕೂ ನೇರ ಸಂಬಂಧವಿಲ್ಲ.

ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬುವಂತೆಯೂ ಇಲ್ಲ. ಅದು ತೋರಿಸುವುದು ಕೂಲಂಟಿನ ಬಿಸಿಯನ್ನು. ಎಣ್ಣೆ ಅದಕ್ಕಿಂತ ಬಹಳ ನಿಧಾನವಾಗಿ ಕಾಯುತ್ತದೆ, ಗೇರ್‌ಬಾಕ್ಸ್ ಇನ್ನೂ ನಿಧಾನ. ಮುಳ್ಳು ನಡುವಿಗೆ ಬಂದ ತಕ್ಷಣ ಆಕ್ಸಿಲರೇಟರ್ ತುಳಿದು ಹಾಯಿಸುವುದು ಸರಿಯಲ್ಲ. ಇನ್ನೂ ಕೆಲವು ಕಿಲೋಮೀಟರ್ ಹದವಾಗಿ ಓಡಿಸಬೇಕು. ನಿಂತಲ್ಲಿ ಕಾಯಿಸಿದರೆ ಗೇರ್‌ಬಾಕ್ಸ್, ಬೇರಿಂಗ್, ಟೈರ್ ಯಾವುದೂ ಬಿಸಿಯಾಗುವುದಿಲ್ಲ. ಇಂದಿನ ಕಾರುಗಳನ್ನು ಶುರುಮಾಡಿ ಅರ್ಧ ನಿಮಿಷದಲ್ಲಿ ನಿಧಾನವಾಗಿ ಹೊರಡಬಹುದು ಎಂದು ಹೆಚ್ಚಿನ ತಯಾರಕರು ಹೇಳುವುದು ಇದಕ್ಕೇ. ಜರ್ಮನಿಯಲ್ಲಂತೂ ಅನಗತ್ಯವಾಗಿ ಎಂಜಿನ್ ಓಡಿಸುವುದನ್ನು ರಸ್ತೆ ಸಂಚಾರ ನಿಯಮದ 30ನೆಯ ಕಲಮು ನಿಷೇಧಿಸಿದೆ. ಹೀಟರ್ ಹಾಕಬೇಕೇ ಬೇಡವೇ ಎಂಬ ಚರ್ಚೆಗಿಂತ ಈ ಸಂಗತಿ ದೊಡ್ಡದು. ಹೀಟರ್ ಆರಿಸಿ ಹತ್ತು ನಿಮಿಷ ನಿಂತಲ್ಲೇ ಕಾಯಿಸುವವರಿಗಿಂತ, ಹೀಟರನ್ನು ಸಣ್ಣಗೆ ಇಟ್ಟು ಕೂಡಲೇ ಹೊರಟವರ ಎಂಜಿನ್ ಮೊದಲು ಬಿಸಿಯಾಗುತ್ತದೆ.

ಈ ಎಲ್ಲ ಮಿತವ್ಯಯಕ್ಕೆ ಒಂದು ಗಡಿಯಿದೆ, ಅದು ಮುಂದಿನ ಗಾಜು. ಹಿಮ ಅಥವಾ ಮಂಜು ಕಟ್ಟಿದ ಗಾಜಿನಲ್ಲಿ ಕೈಯಗಲದ ಕಿಂಡಿ ಮಾಡಿಕೊಂಡು ಹೊರಡುವುದು ಅಪಾಯ. ಹೊರಗಿನ ಹಿಮವನ್ನು ಸ್ಕ್ರೇಪರಿನಿಂದ ಕೆರೆಯಬೇಕು. ಒಳಗಿನ ಮಂಜಿಗೆ ಡಿಫ್ರಾಸ್ಟ್, ಹೊರಗಾಳಿ, ಎ.ಸಿ. ಮೂರೂ ಬೇಕು. ಚಳಿಯಲ್ಲಿ ಎ.ಸಿ. ಏಕೆ ಎಂದು ಕೇಳುವವರಿಗೆ ಉತ್ತರ ಸರಳ: ಎ.ಸಿ. ಗಾಳಿಯ ತೇವ ಹಿಂಡುತ್ತದೆ, ಒಣಗಿದ ಆ ಗಾಳಿಯನ್ನು ಹೀಟರ್ ಕೋರ್ ಬೆಚ್ಚಗೆ ಮಾಡುತ್ತದೆ. ತೀರಾ ಕೆಳಗಿನ ಉಷ್ಣಾಂಶದಲ್ಲಿ ಕಂಪ್ರೆಸರ್ ತಾನಾಗಿಯೇ ನಿಲ್ಲುತ್ತದೆ, ಆಗ ಬಿಸಿಗಾಳಿಯೇ ಗತಿ. ಮಲೆನಾಡಿನ ಮಳೆಗಾಲದಲ್ಲಿ ಗಾಜು ಮಬ್ಬಾದಾಗಲೂ ಇದೇ ಉಪಾಯ. ಎಂಜಿನ್ ಎರಡು ನಿಮಿಷ ತಡವಾಗಿ ಬಿಸಿಯಾದರೆ ಆಗಲಿ, ಗಾಜು ಮೊದಲು ಶುಭ್ರವಾಗಬೇಕು.

ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಕಾರು ಈ ವಿವೇಚನೆಯನ್ನು ತಾನೇ ಮಾಡುತ್ತದೆ. ಕೂಲಂಟ್ ತಕ್ಕಮಟ್ಟಿಗೆ ಬಿಸಿಯಾಗುವವರೆಗೆ ಬ್ಲೋವರನ್ನು ಸಣ್ಣಗೆ ಇಟ್ಟು, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಆಮೇಲೆ ವೇಗ ಏರಿಸುತ್ತದೆ. ಅವಸರದಲ್ಲಿ ಉಷ್ಣಾಂಶವನ್ನು 22ರಿಂದ 28 ಡಿಗ್ರಿಗೆ ತಿರುಗಿಸಿದರೆ ಒಂದು ಕ್ಷಣವೂ ಬೇಗ ಬಿಸಿಯಾಗದು. ಬಿಸಿಯಾದ ಮೇಲೆ ಅತಿಯಾಗುತ್ತದೆ ಅಷ್ಟೆ. ಹೊಸ ಎಂಜಿನ್ನುಗಳಲ್ಲಿ ಹೀಟರ್ ಗುಂಡಿಯ ಪ್ರಭಾವ ಇನ್ನೂ ಆಳಕ್ಕಿಳಿದಿದೆ. ಫೋಕ್ಸ್‌ವ್ಯಾಗನ್‌ನ ಇಎ288 ಡೀಸೆಲ್ ಎಂಜಿನ್ನಿನಲ್ಲಿ ಮುಖ್ಯ ಕೂಲಂಟ್ ಪಂಪಿನ ಹರಿವನ್ನು ತಣ್ಣಗಿರುವಾಗ ನಿಲ್ಲಿಸಿಬಿಡಬಹುದು. ಒಳಗಿನವರು ಬಿಸಿ ಕೇಳಿದರೆ ಸಿಲಿಂಡರ್ ಹೆಡ್ಡಿನಿಂದ ಹೀಟರಿಗೆ ಮಾತ್ರ ಒಂದು ಕಿರು ಸುತ್ತನ್ನು ಪುಟ್ಟ ವಿದ್ಯುತ್ ಪಂಪು ನಡೆಸುತ್ತದೆ. ಇಂಥ ಕಾರಿನಲ್ಲಿ ಹೀಟರ್ ಗುಂಡಿ ಗಾಳಿಯ ಫ್ಲ್ಯಾಪನ್ನಷ್ಟೇ ಅಲ್ಲ, ಎಂಜಿನ್ನಿನ ಕೂಲಂಟ್ ಹರಿವನ್ನೇ ಬದಲಿಸುತ್ತದೆ. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುವ ಕಾರುಗಳಲ್ಲೂ ಹಾಗೆಯೇ. ಕ್ಯಾಬಿನ್ ಸಾಕಷ್ಟು ಬೆಚ್ಚಗಾಗುವವರೆಗೆ ಅವು ಎಂಜಿನ್ ನಿಲ್ಲಿಸುವುದಿಲ್ಲ.

ಹೀಟರ್ ಎಂಜಿನ್ನನ್ನು ನೇರವಾಗಿ ಆಳುವುದು ಹೈಬ್ರಿಡ್ ಕಾರಿನಲ್ಲಿ. ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ, ಕಾರು ನಿಂತಿದ್ದರೂ, ಹೀಟರಿಗೆ ಕೂಲಂಟಿನ ಬಿಸಿ ಸಾಲದೆಂದಾದರೆ ಎಂಜಿನ್ ಶುರುವಾಗುತ್ತದೆ. ಟೊಯೊಟಾ ಪ್ರಿಯಸ್‌ನ ಕಥೆ ಇಲ್ಲಿ ಗಮನಾರ್ಹ. ಉತ್ತರ ಅಮೆರಿಕದ 2004ರ ಮಾದರಿಯ ಪ್ರಿಯಸ್‌ನಲ್ಲಿ ಮೂರು ಲೀಟರಿನಷ್ಟು ಬಿಸಿ ಕೂಲಂಟನ್ನು ಫ್ಲಾಸ್ಕಿನಂಥ ಡಬ್ಬಿಯಲ್ಲಿ ಮೂರು ದಿನಗಳವರೆಗೆ ಬೆಚ್ಚಗಿಟ್ಟು, ಮುಂದಿನ ಸಲ ಎಂಜಿನ್ ಶುರುವಾಗುವ ಮೊದಲೇ ಹೆಡ್ಡಿಗೆ ಪಂಪು ಮಾಡುವ ವ್ಯವಸ್ಥೆಯಿತ್ತು. 2009ರ ಮೂರನೆಯ ಪೀಳಿಗೆಯಲ್ಲಿ ಅದನ್ನು ಕೈಬಿಟ್ಟು, ಹೊಗೆಯ ಕೊಳವೆಯಿಂದ ವ್ಯರ್ಥವಾಗುವ ಶಾಖವನ್ನೇ ಕೂಲಂಟಿಗೆ ಸೇರಿಸುವ ಏರ್ಪಾಡು ತಂದರು. ಈ ಹೈಬ್ರಿಡ್‌ಗಳಲ್ಲಿ ಹೀಟರಿನ ಬದಲು ಸೀಟ್ ಹೀಟರ್ ಬಳಸುವುದರಿಂದ ಸಿಗುವ ಲಾಭ ದೊಡ್ಡದು. ಸೀಟಿಗೆ ಬೇಕಾಗುವುದು ನೂರು ವ್ಯಾಟಿನ ಆಸುಪಾಸು, ಹೀಟರ್ ಎಳೆಯುವುದು ಸಾವಿರಗಳಲ್ಲಿ.

ಹೀಟರಿಗೂ ಕೂಲಂಟಿನ ಬಿಸಿಗೂ ಈ ನಂಟು ಎಲ್ಲ ಕಾರುಗಳಲ್ಲೂ ಇರಲಿಲ್ಲ. ಗಾಳಿಯಿಂದಲೇ ತಣಿಯುತ್ತಿದ್ದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಹೊಗೆಯ ಕೊಳವೆಯ ಸುತ್ತ ಹಾಯಿಸಿದ ಗಾಳಿಯೇ ಒಳಗೆ ಬರುತ್ತಿತ್ತು. ಇಂದಿನ ಮಾದರಿಯ ಹೀಟರಿನ ಮೂಲ 1938ರಷ್ಟು ಹಿಂದಿನದು. ಹೊರಗಾಳಿಯನ್ನು ಎಳೆದು, ಸೋಸಿ, ಬಿಸಿನೀರಿನ ಕೋರಿನ ಮೂಲಕ ಹಾಯಿಸುವ ವ್ಯವಸ್ಥೆಯನ್ನು ಆ ವರ್ಷ ಅಮೆರಿಕದ ನ್ಯಾಶ್ ಕಂಪನಿ ತನ್ನ ಕಾರುಗಳಿಗೆ ಅಳವಡಿಸಿತು. ಅತಿ ಚಳಿಯ ನಾಡುಗಳು ಹುಡುಕಿಕೊಂಡ ಉತ್ತರ ಬೇರೆ: ಎಂಜಿನ್ ಶುರುಮಾಡುವ ಮೊದಲೇ ಅದನ್ನು ಬಿಸಿಮಾಡುವುದು. ಅಮೆರಿಕದ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ 1940ರ ದಶಕದಲ್ಲಿ ರೂಪಿಸಿದ ಹೆಡ್‌ಬೋಲ್ಟ್ ಹೀಟರ್ ಅಂಥದೊಂದು. ಫಿನ್ಲೆಂಡಿನಲ್ಲಿ, ಕೆನಡಾದ ವಿನ್ನಿಪೆಗ್‌ನಂಥ ಊರುಗಳಲ್ಲಿ ಪಾರ್ಕಿಂಗ್ ಜಾಗದಲ್ಲೇ ವಿದ್ಯುತ್ ಸಾಕೆಟ್ ಇರುತ್ತದೆ. ಹೊರಡುವ ಒಂದೆರಡು ಗಂಟೆ ಮೊದಲು ಎಂಜಿನ್ ಬಿಸಿಮಾಡುವ ಇಂಥ ಬ್ಲಾಕ್ ಹೀಟರ್ ಚಾಲೂ ಆದರೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಪೈಪೋಟಿಯೇ ಉಳಿಯುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ನಿಜವಾಗಿ ಎದುರಾಗುವುದು ಲಡಾಖ್, ಕಾಶ್ಮೀರ, ಹಿಮಾಚಲ, ಸಿಕ್ಕಿಮ್‌ಗಳ ಎತ್ತರದಲ್ಲಿ. ಲಡಾಖಿನ ಚಳಿಗೆ ಮಾಮೂಲಿ ಡೀಸೆಲ್ ಟ್ಯಾಂಕಿನಲ್ಲೇ ಗಟ್ಟಿಯಾಗುತ್ತದೆಂದು 2019ರಲ್ಲಿ ಇಂಡಿಯನ್ ಆಯಿಲ್ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಅಲ್ಲಿಗೆ ತಂದಿತು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ, ಮಾಮೂಲಿ ಚಳಿಗಾಲದ ಬೆಳಗು 15 ಡಿಗ್ರಿಯ ಆಸುಪಾಸು. ಇಲ್ಲಿ ಹೀಟರ್ ಇಟ್ಟರೂ ಬಿಟ್ಟರೂ ಎಂಜಿನ್ನಿಗೆ ಎದ್ದುಕಾಣುವ ವ್ಯತ್ಯಾಸವಿಲ್ಲ.

ಆದರೆ ನಮ್ಮಲ್ಲಿ ಹೀಟರಿಗಿಂತ ಎಷ್ಟೋ ಪಟ್ಟು ದೊಡ್ಡ ಹಾನಿ ಮಾಡುವ ರೂಢಿಯೊಂದಿದೆ. ಎಂಜಿನ್ ಕಾದೀತೆಂಬ ಭಯಕ್ಕೆ ಕೆಲವು ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟನ್ನೇ ಕಿತ್ತುಹಾಕುತ್ತಾರೆ. ಆಗ ದೊಡ್ಡ ರೇಡಿಯೇಟರಿನ ದಾರಿ ಸದಾ ತೆರೆದೇ ಇರುತ್ತದೆ. ಎಂಜಿನ್ ಬಿಸಿಯೇರಲು ಎರಡು ಮೂರು ಪಟ್ಟು ಹೊತ್ತು ಹಿಡಿಯುತ್ತದೆ, ಹೆದ್ದಾರಿಯ ಗಾಳಿಯಲ್ಲಿ ತಕ್ಕ ಬಿಸಿಯನ್ನು ಮುಟ್ಟುವುದೇ ಇಲ್ಲ, ಇ.ಸಿ.ಯು. ಎಂಜಿನ್ ಇನ್ನೂ ತಣ್ಣಗಿದೆಯೆಂದು ಹೆಚ್ಚುವರಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0128 ಎಂಬ ಕೋಡ್ ಕಾಣಿಸುವುದು ಇಂಥ ಸ್ಥಿತಿಯಲ್ಲೇ. ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಾಗಲೂ ಲಕ್ಷಣ ಇದೇ. ಮೈಲೇಜ್ ಬಿದ್ದಿದೆ, ಹೀಟರಿನಲ್ಲಿ ಉಗುರುಬೆಚ್ಚಗಿನ ಗಾಳಿ ಬರುತ್ತಿದೆ ಎಂದು ದೂರುವವರು ಮೊದಲು ನೋಡಿಸಬೇಕಾದದ್ದು ಥರ್ಮೋಸ್ಟಾಟನ್ನು, ಆಮೇಲೆ ಕೂಲಂಟಿನ ಮಟ್ಟವನ್ನು. ಕೂಲಂಟ್ ಕಡಿಮೆಯಾದಾಗ ಹೀಟರ್ ಕೋರಿಗೆ ಅದು ತಲುಪದೆ ತಣ್ಣನೆಯ ಗಾಳಿ ಬರುವುದು ಎಂಜಿನ್ ಕಾಯುವುದರ ಮುನ್ಸೂಚನೆಯೂ ಆಗಬಹುದು.

ಕೊನೆಯದಾಗಿ ಪ್ರಾಣಕ್ಕೆ ಸಂಬಂಧಿಸಿದ ಮಾತು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಕಾಯಿಸಬಾರದು, ಹಿಮದಲ್ಲಿ ಸಿಕ್ಕಿಕೊಂಡ ಕಾರಿನಲ್ಲಿ ಸೈಲೆನ್ಸರ್ ಬಾಯಿ ಮುಚ್ಚಿಹೋಗಿದ್ದರೆ ಹೀಟರಿಗಾಗಿ ಎಂಜಿನ್ ಓಡಿಸಬಾರದು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದ ಬಳಿ ಹಿಮಪಾತದಲ್ಲಿ ಸಿಲುಕಿ 20ಕ್ಕೂ ಹೆಚ್ಚು ಪ್ರವಾಸಿಗರು ಕಾರುಗಳಲ್ಲೇ ತೀರಿಕೊಂಡಾಗ, ಹಲವರ ಸಾವಿಗೆ ಒಳನುಗ್ಗಿದ ಕಾರ್ಬನ್ ಮೊನಾಕ್ಸೈಡ್ ಕಾರಣವೆಂದು ವರದಿಯಾಗಿತ್ತು. ಬಣ್ಣವೂ ವಾಸನೆಯೂ ಇಲ್ಲದ ಅನಿಲವದು. ಮನಾಲಿಗೋ ಲೇಹ್‌ಗೋ ಚಳಿಗಾಲದಲ್ಲಿ ಹೊರಡುವವರು ಡಿಕ್ಕಿಯಲ್ಲಿ ಒಂದು ಸಲಿಕೆ, ದಪ್ಪ ಕಂಬಳಿಗಳನ್ನು ಇಟ್ಟುಕೊಳ್ಳಲಿ. ಸಿಕ್ಕಿಕೊಂಡರೆ ಮೊದಲು ಸೈಲೆನ್ಸರ್ ಸುತ್ತಲಿನ ಹಿಮ ತೆಗೆದು, ಗಾಳಿ ಬಂದು ಹೊಡೆಯದ ಬದಿಯ ಕಿಟಕಿಯನ್ನು ಒಂದಿಷ್ಟು ಇಳಿಸಿ, ಆಮೇಲಷ್ಟೇ ಹೀಟರಿಗಾಗಿ ಎಂಜಿನ್ನನ್ನು ಬಿಟ್ಟುಬಿಟ್ಟು ಓಡಿಸಲಿ.